ಚಾಳೀಸಿನ ಕಿರುಬೆರಳು

ಬಾಗಿಲು ಮುಂದೆ ಮಾಡಿ... ಚಿಲಕ ಬೇಡ, ಸುಮ್ಮನೆ ಮುಂದೆ ಮಾಡಿ ಸಾಕು. ಇದು ಎಲ್ಲೋ ಓದಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಅವನು ಸುಳ್ಳು ಹೇಳೋ ಪೈಕಿ ಅಲ್ಲ. ಸುಳ್ಳು ಹೇಳೋಕೂ ಒಂಚೂರು ಕಲ್ಪನೆ ಬೇಕಲ್ಲ, ಅದು ಅವನಿಗೆ ದೇವರು ಕೊಟ್ಟಿಲ್ಲ. ಮದುವೆ ಫೋಟೋದಲ್ಲೂ ಗುರುತಿನ ಚೀಟಿಗೆ ನಿಂತ ಹಾಗೇ ನಿಂತಿದಾನೆ.

ಅಣ್ಣ ಹಣದ ವ್ಯಾನಿಗೆ ಗಾರ್ಡು. ಬ್ಯಾಂಕುಗಳಿಗೆ ಪೆಟ್ಟಿಗೆ ಹೊತ್ಕೊಂಡು ಓಡಾಡುತ್ತಲ್ಲ, ಅದು. ಸೊಂಟದಲ್ಲಿ ಸ್ವಂತ ಲೈಸೆನ್ಸಿನ ಪಿಸ್ತೂಲು.

ಆವತ್ತು ಡ್ಯೂಟಿ ಮುಗಿಸಿ ನಡ್ಕೊಂಡು ಬರ್ತಿದ್ದ. ಹೊತ್ತಾಗಿತ್ತು. ಅವರ ಬೀದಿ ತಿರುವಲ್ಲಿ ಒಂದು ಹಳೇ ಬಾವಿ ಇದೆ, ನೀರಿಲ್ಲ. ಯಾರೂ ಬೀಳದೇ ಇರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹೊದಿಸಿದಾರೆ. ಅದನ್ನ ದಾಟಿ ಸ್ವಲ್ಪ ಮುಂದೆ ಬಂದಿರಬೇಕು...

ಠಣ್.

ಹಿಂದೆ. ಜಾಲರಿ ಮೇಲೆ. ಬೀಗದ ಕೈ ಗೊಂಚಲಿಂದ ಒಂದೇ ಒಂದು ಸಲ ಬಡಿದ ಹಾಗೆ.

ಅಣ್ಣ ತಿರುಗಿ ನೋಡಲಿಲ್ಲ. ಧೈರ್ಯ ಇಲ್ಲದೆ ಅಲ್ಲ ಅಂತ ಈಗಲೂ ಹೇಳ್ತಾನೆ, ಕತ್ತು ಹಿಡ್ಕೊಂಡಿತ್ತಂತೆ. ನಿಜ ಏನು ಅಂದ್ರೆ, ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಅದು ಚಾಳೀಸಿಂದು.

ಚಾಳೀಸು ಅಂದ್ರೆ ಅವನ ಜೊತೆ ಗಾರ್ಡು. ಅಣ್ಣನಿಗಿಂತ ದೊಡ್ಡವರು. ಕನ್ನಡಕಕ್ಕೆ ದಾರ ಕಟ್ಟಿ ಯಾವಾಗಲೂ ಎದೆ ಮೇಲೆ ಇಳಿಬಿಟ್ಟಿರೋರು, ಕಣ್ಣಿಗೆ ಏರಿಸಿದ್ದನ್ನ ಒಬ್ಬರೂ ನೋಡಿಲ್ಲ. ಅದಕ್ಕೇ ಆ ಹೆಸರು. ದಿನಾ ಇಬ್ಬರೂ ಬಾವಿ ತನಕ ಜೊತೇಲಿ ಬರೋರು. ಅಲ್ಲಿ ಚಾಳೀಸು ಕೀ ಗೊಂಚಲಿಂದ ಜಾಲರಿಗೆ ಒಂದೇಟು ಹಾಕಿ ಆ ಕಡೆ ಬೀದಿಗೆ ಹೊರಟುಹೋಗೋರು. ಬರ್ತೀನಿ, ಹೋಗ್ತೀನಿ ಏನೂ ಇಲ್ಲ. ಠಣ್... ಅಷ್ಟೇ.

ಅವರು ತೀರಿಕೊಂಡು ಆಗಲೇ ಸುಮಾರು ದಿನ ಆಗಿತ್ತು. ನಿದ್ದೇಲೇ ಹೋಗಿದ್ರು. ಕನ್ನಡಕ ಎದೆ ಮೇಲೇ ಇತ್ತು.

ಈಗ ಪಿಸ್ತೂಲಿನ ವಿಷಯ ಒಂಚೂರು ಹೇಳಬೇಕು, ಇಲ್ದಿದ್ರೆ ನಿಮಗೆ ಗೊತ್ತಾಗಲ್ಲ.

ಅವರ ಡಿಪೋ ಗೇಟಿನ ಪಕ್ಕ ಒಂದು ಮರಳಿನ ಡ್ರಮ್ಮಿದೆ. ಡ್ಯೂಟಿ ಮುಗಿದ ಮೇಲೆ ಪಿಸ್ತೂಲಿನ ಮೂತಿ ಆ ಮರಳಿನ ಕಡೆ ಇಟ್ಟು ಖಾಲಿ ಮಾಡಬೇಕು. ಮೊದಲು ಮ್ಯಾಗಜಿನ್ ಆಚೆ. ಆಮೇಲೆ ಮೇಲಿನ ಸ್ಲೈಡು ಹಿಂದಕ್ಕೆಳೆದು ಸಿಕ್ಕಿಸಬೇಕು. ಆಗ ಗುಂಡು ಕೂರೋ ಗೂಡು ಬಾಯಿ ಬಿಡುತ್ತೆ. ಅಷ್ಟು ಮಾಡಿದ್ರೂ ಆಗಲಿಲ್ಲ. ಮಾಡಿದವನು "ಖಾಲೀನಾ?" ಅಂತ ಕೇಳಬೇಕು. ಜೊತೆಯವನು ಗೂಡಿನೊಳಗೆ ಕಿರುಬೆರಳು ಇಟ್ಟು, ತಡವಿ, ಬೆರಳು ಆಚೆ ತೆಗೆದು "ಖಾಲಿ" ಅನ್ನಬೇಕು. ಆಮೇಲೇ ಮುಚ್ಚೋದು. ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ ಅನ್ನೋದು ಚಾಳೀಸಿನ ಲೆಕ್ಕ. ಅವರ ಕಣ್ಣಿನ ಸ್ಥಿತಿಗೆ ಅದೇ ಸರಿ ಬಿಡಿ.

ಒಂದಿನ ಅಣ್ಣನಿಗೆ ಅವಸರ. ಇವರು ಬೆರಳು ಇಟ್ಟಿದ್ದಾರೆ, ಇನ್ನೂ ಆಚೆ ತೆಗೆದಿಲ್ಲ, "ಖಾಲಿ" ಅಂದೂ ಇಲ್ಲ, ಇವನು ಸ್ಲೈಡು ಬಿಟ್ಟ. ಖಟಕ್. ಬೆರಳು ಒಳಗೆ. ಡಿಪೋದೋರೆಲ್ಲ ಸೇರಿ ಬಿಡಿಸಿದ್ರು. ಉಗುರು ಕಪ್ಪಾಯ್ತು, ಬಿತ್ತು, ಮತ್ತೆ ಬರಲೇ ಇಲ್ಲ. ಚಾಳೀಸು ಬೈಯಲಿಲ್ಲ. ಆದ್ರೆ ಆವತ್ತಿಂದ ದಿನಾ ಬೆರಳು ಇಡೋ ಮುಂಚೆ ಮೂಗಿನಲ್ಲಿ ರಾಗ ಎಳೆದು ಹೇಳೋರು: "ನಾನು ಅನ್ನೋ ತನಕ ಅಲ್ಲಾಡಬೇಡ."

ಅವರು ಹೋದ ಮೇಲೆ ಅಣ್ಣ ಒಂದು ಅಭ್ಯಾಸ ಮಾಡ್ಕೊಂಡ. ಮನೇಲಿ ಪಿಸ್ತೂಲು ಒರೆಸೋವಾಗ ಜೊತೆಗೆ ಯಾರೂ ಇರಲ್ಲವಲ್ಲ. ಅದಕ್ಕೆ ತಾನೇ "ಖಾಲೀನಾ?" ಅನ್ನೋನು. ತಾನೇ ಮೂಗು ಹಿಡ್ಕೊಂಡ ಹಾಗೆ ದನಿ ಮಾಡಿ "ಖಾಲೀ..." ಅಂತ ಚಾಳೀಸಿನ ಥರಾನೇ ಎಳೆಯೋನು. ಥೇಟ್ ಅವರೇ. ಅತ್ತಿಗೆ ಹೇಳಿದ್ರು, "ರೀ, ಹೋದೋರ ದನಿ ಹಾಗೆಲ್ಲ ಅಣಕಿಸಬಾರದು, ಬಿಡಿ." ಅಣ್ಣ ಅಂದನಂತೆ, "ಅಣಕ ಅಲ್ಲ ಕಣೇ, ನಿಯಮ."

ಸರಿ. ಆವತ್ತು ರಾತ್ರಿ ಆ ಠಣ್ ಕೇಳಿಸ್ಕೊಂಡು ಮನೆಗೆ ಬಂದ. ಮಾರನೇ ದಿನ ಬೆಳಿಗ್ಗೆ ವರ್ಷಕ್ಕೊಂದು ಸಲದ ಗುಂಡಿನ ಪರೀಕ್ಷೆ. ಸಾಹೇಬರ ಎದುರು ಗುರಿ ಇಟ್ಟು ಹೊಡೀಬೇಕು, ಇಲ್ದಿದ್ರೆ ಕೆಲಸ ಇಲ್ಲ. ಹಾಗಾಗಿ ರಾತ್ರೀನೇ ಒರೆಸಿ ಇಡಬೇಕಿತ್ತು.

ಅವರ ಮನೆ ನೀವು ನೋಡಿಲ್ಲ. ಒಂದು ರೂಮು, ಒಂದು ಅಡುಗೆಮನೆ, ಮಧ್ಯೆ ಬಾಗಿಲಿಲ್ಲ, ಒಂದು ಪರದೆ. ಪರದೆಯಾಚೆ ಅತ್ತಿಗೆ, ಪಕ್ಕದಲ್ಲಿ ಮಗಳು, ಮಲಗಿದ್ರು. ಈಚೆ ಅಡುಗೆಮನೇಲಿ ಅಣ್ಣ. ಒಲೆ ಆರಿಸಿದ. ಎಣ್ಣೆ ವಾಸನೆ ಹೋಗಲಿ ಅಂತ ಕಿಟಕಿ ತೆಗೆದ. ಗುಂಡುಗಳನ್ನ ಮೊದಲೇ ರೂಮಿನ ಬೀರುವಿಗೆ ಹಾಕಿ ಬೀಗ ಹಾಕಿದ್ದ. ಎಣ್ಣೆ ಇರೋ ಕಡೆ ಗುಂಡು ಇರಬಾರದು, ಅದೂ ಚಾಳೀಸಿನ ಪಾಠ. ಹೊರಗೋಡೆ ಮೂಲೇಲಿ ಒಂದು ಬಕೆಟ್ ಮರಳು. ಮೇಜಿನ ಮೇಲೆ ಹಳೇ ಪೇಪರು.

ಎಲ್ಲ ಸರಿಯಾಗೇ ಮಾಡಿದ. ಬಿಚ್ಚಿದ, ಬ್ರಷ್ಷು ಹಾಕಿದ, ಒರೆಸಿದ. ನಳಿಗೆ ಒರೆಸೋಕೆ ಯಾವಾಗಲೂ ಹಳೇ ಬನೀನು. ಆವತ್ತು ಇದ್ದ ಬನೀನೆಲ್ಲ ಮೈಮೇಲೇ ಇತ್ತು. ನೆಲ ಒರೆಸೋ ಬಟ್ಟೇಲಿ ಒಂದು ಚೂರು ಹರಿದು ಕಡ್ಡಿಗೆ ಸಿಕ್ಕಿಸಿ ನಳಿಗೆಗೆ ತೂರಿಸಿದ. ಜೀರ್ಣ ಆಗಿರೋ ಬಟ್ಟೆ. ಕಡ್ಡಿ ವಾಪಸ್ ಬಂತು, ತುದೀಲಿ ಬಟ್ಟೇನೂ ಬಂತು. ಪೂರ್ತಿ ಬಂತೋ ಇಲ್ವೋ ನೋಡಲಿಲ್ಲ. ಕೊನೇಗೊಂದು ಸಲ ಎಣ್ಣೆ ಬಟ್ಟೆ ಹಾಯಿಸಬೇಕು. ಹಾಯಿಸಲಿಲ್ಲ. ಆಕಳಿಕೆ ಬರ್ತಿತ್ತಂತೆ.

ಜೋಡಿಸಿದ. ಸ್ಲೈಡು ಹಿಂದಕ್ಕೆಳೆದು ಸಿಕ್ಕಿಸಿ, ಮೂತಿ ಬಕೆಟ್ ಕಡೆ ಹಿಡಿದು, ಮೆಲ್ಲಗೆ ಕೇಳಿದ.

"ಖಾಲೀನಾ?"

ಉಸಿರು ಎಳ್ಕೊಂಡ, ಮೂಗಿನ ದನಿ ಮಾಡೋಕೆ. ಬಾಯಿ ತೆಗೆದಿದ್ದ... ಇನ್ನೂ ಏನೂ ಅಂದಿರಲಿಲ್ಲ...

"ಇಲ್ಲ."

ಎಡಗಿವಿ ಹತ್ತಿರ. ಮೂಗಿನಲ್ಲಿ. ರಾಗ ಎಳೆದು.

ಅಣ್ಣ ತೆಗೆದ ಬಾಯಿ ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನನ್ನದೇ ದನಿ ಇರಬೇಕು, ನಿದ್ದೆಗಣ್ಣು, ಅಂದ್ಕೊಂಡ. ಗೂಡಿನೊಳಗೆ ಬಗ್ಗಿ ನೋಡಿದ. ಏನೂ ಇಲ್ಲ, ಖಾಲಿ. ಮುಚ್ಚೋಣ ಅಂತ ಪಕ್ಕದ ಸಣ್ಣ ಕೊಂಡಿ ಒತ್ತಿದ.

ಸ್ಲೈಡು ಅಲ್ಲಾಡಲಿಲ್ಲ.

ಇನ್ನೂ ಜೋರಾಗಿ ಒತ್ತಿದ. ಒಳಗೆ ಸ್ಪ್ರಿಂಗು ನಡುಗ್ತಿರೋದು ಕೈಗೆ ಗೊತ್ತಾಗ್ತಿದೆ... ಝಿರ್ರ್... ಆದ್ರೆ ಮಧ್ಯೆ ಏನೋ ಅಡ್ಡ ಇದೆ. ಮೆತ್ತಗಿರೋದು. ಸರಿ, ಮೇಜಿನ ಮೇಲೆ ಇಟ್ಟುಬಿಡೋಣ ಅಂತ ಕೈ ಇಳಿಸೋಕೆ ಹೋದ.

"ನಾನು ಅನ್ನೋ ತನಕ ಅಲ್ಲಾಡಬೇಡ."

ಅಲ್ಲಾಡಲಿಲ್ಲ. ನೀವಾಗಿದ್ರೂ ಅಲ್ಲಾಡ್ತಿರಲಿಲ್ಲ.

ಎಷ್ಟು ಹೊತ್ತು ಹಾಗೇ ಕೂತಿದ್ದ ಅಂತ ಅವನಿಗೂ ಗೊತ್ತಿಲ್ಲ. ಕೈ ಮುಂದೆ, ಮೂತಿ ಬಕೆಟ್ ಕಡೆ. ಮೊದಲು ಕಾಲು ಜೋಮು ಹಿಡೀತು. ಆಮೇಲೆ ಸೊಂಟ. ಆಮೇಲೆ ಒಂದು ಸೊಳ್ಳೆ ಬಂದು ಮೂಗಿನ ಮೇಲೆ ಕೂತು, ನಿಧಾನಕ್ಕೆ, ಕರೆದು ಊಟಕ್ಕೆ ಕೂರಿಸಿದ ಹಾಗೆ ಕುಡೀತಂತೆ. ಇದರ ಮಧ್ಯೆ ಬಚ್ಚಲಿಗೆ ಬೇರೆ ಹೋಗಬೇಕು. ಎದ್ದು ಹೋಗೋ ಹಾಗಿಲ್ಲ. ಕೂಗೋ ಹಾಗಿಲ್ಲ, ಮಗಳು ಎದ್ದು ಓಡಿ ಬಂದ್ರೆ? ಪರದೆ ಅಷ್ಟೇ ಮಧ್ಯೆ. ಕೈಲಿರೋದು ಖಾಲಿ ಇಲ್ವಂತೆ. ಗುಂಡೆಲ್ಲ ಬೀರುವಿನಲ್ಲಿದೆ ಅಂತ ಅವನಿಗೆ ಗೊತ್ತು. ಆದ್ರೂ... ಇಲ್ಲ ಅಂದಮೇಲೆ ಇಲ್ಲ. ಚಾಳೀಸು ಒಂದು ದಿನವೂ ತಪ್ಪು ಹೇಳಿದವರಲ್ಲ.

ಹಿಂದೆ ಪರದೆ ಉಂಗುರ ಸರಿದ ಸದ್ದು. ಸರ್...

"ರೀ... ಇನ್ನೂ ಮುಗೀಲಿಲ್ವಾ?"

"ಬರಬೇಡ."

"ಯಾಕೆ?"

"ಖಾಲಿ ಇಲ್ವಂತೆ."

"ಯಾರಂತೆ?"

ಅಣ್ಣ ಗಲ್ಲದಲ್ಲೇ ಬಾವಿ ಕಡೆ ತೋರಿಸಿದ.

"ನಾನು ಆವತ್ತೇ ಬಡ್ಕೊಂಡೆ," ಅಂದ್ರು.

"ಆಮೇಲೆ ಬೈ. ಮೊದಲು ಮೂಗಿನ ಮೇಲಿನ ಸೊಳ್ಳೆ ಓಡಿಸು."

ಅತ್ತಿಗೆ ಮೂತಿ ಎದುರಿಗೆ ಬರದೆ, ಗೋಡೆ ಸವರಿಕೊಂಡು ಬೆನ್ನ ಹಿಂದಿಂದ ಬಂದ್ರು. ಗಾರ್ಡಿನ ಹೆಂಡತಿ, ಅಷ್ಟು ಗೊತ್ತು. ಸೊಳ್ಳೆ ಓಡಿಸಿದ್ರು. ಹೊಟ್ಟೆ ತುಂಬಿದ ಸೊಳ್ಳೆ, ತಾನಾಗೇ ಹೊರಡೋದರಲ್ಲಿತ್ತು.

"ಇಬ್ಬರು ನೋಡಬೇಕು ತಾನೇ? ನಾನು ನೋಡ್ತೀನಿ, ಹಿಡ್ಕೊಳ್ಳಿ," ಅಂದ್ರು. ಅಣ್ಣ ಬೇಡ ಅನ್ನೋ ಅಷ್ಟರಲ್ಲಿ ಗೂಡಿನೊಳಗೆ ಕಿರುಬೆರಳು ಇಟ್ಟರು.

ಇಟ್ಟವರು ಹಾಗೇ ನಿಂತರು.

"ರೀ..."

"ಏನು?"

"ಇಲ್ಲಿ ಆಗಲೇ ಯಾರದೋ ಬೆರಳಿದೆ."

"ಹೇಗಿದೆ?"

"ತಣ್ಣಗೆ... ಉಗುರಿಲ್ಲ."

"ತೆಗಿ. ತೆಗಿ ಆಚೆ."

"ಬಿಡ್ತಿಲ್ಲ ರೀ. ಕೊಕ್ಕೆ ಹಾಕಿದೆ."

ಅಣ್ಣನ ಕೈಯೊಳಗೆ ಸ್ಲೈಡು ಮತ್ತೆ ನಡುಗಿತು. ಝಿರ್ರ್... ಇವನು ಕೊಂಡಿ ಮುಟ್ಟಿಲ್ಲ. ಒಂದು ಸಲ ಹೀಗೇ ಬಿಟ್ಟಿದ್ದ, ಒಬ್ಬರ ಉಗುರು ಹೋಯ್ತು. ಈಗ ಒಳಗಿರೋದು ಹೆಂಡತಿ ಬೆರಳು. ಎಡಗೈಯಿಂದ ಸ್ಲೈಡು ಹಿಂದಕ್ಕೇ ಎಳೆದು ಹಿಡಿದ. ಗೆಣ್ಣು ಬೆಳ್ಳಗಾಗೋ ಹಾಗೆ ಹಿಡಿದ. ಅತ್ತಿಗೆ ಕೈ ಕೀಳೋ ಹಾಗಿಲ್ಲ, ಇವನು ಕೈ ಬಿಡೋ ಹಾಗಿಲ್ಲ. ಗಂಡ ಹೆಂಡತಿ ಅಷ್ಟು ಹತ್ತಿರ ಇದ್ದು ಎಷ್ಟೋ ಕಾಲ ಆಗಿತ್ತು ಅಂತ ಅಣ್ಣ ಈಗ ಹೇಳ್ತಾನೆ. ಆವತ್ತು ಹೇಳಲಿಲ್ಲ.

ಪರದೆಯಾಚೆ ಮಗು ಮಗ್ಗಲಾಯ್ತು. "ಅಮ್ಮಾ..."

"ಮಲ್ಕೋ ಪುಟ್ಟಿ," ಅಂದ್ರು ಅತ್ತಿಗೆ. ದನಿ ಒಂಚೂರೂ ನಡುಗಲಿಲ್ಲವಂತೆ. ಮಗು ಮಲಗಿತು.

ಆಮೇಲೆ ಪಿಸುದನಿಯಲ್ಲಿ, "ಎಳೀತಾ ಇದೆ ರೀ... ಮುಂದಕ್ಕೆ. ನಳಿಗೆ ಕಡೆ."

ನಳಿಗೆ... ಆಗ ಅಣ್ಣನಿಗೆ ಹೊಳೀತು. ಮೇಜಿನ ಮೇಲೆ, ಪೇಪರಿನ ಮೇಲೆ, ಆ ನೆಲದ ಬಟ್ಟೆ ಚೂರು ಬಿದ್ದಿತ್ತು. ತೂರಿಸೋವಾಗ ಇದ್ದಿದ್ದರ ಅರ್ಧವೂ ಇಲ್ಲ.

"ಸ್ಲೈಡು ಇನ್ನೊಂದು ಕೈಲಿ ಹಿಂದಕ್ಕೆ ಹಿಡ್ಕೋ. ಬಿಡಬೇಡ."

"ಬಿಡಲ್ಲ."

ಅಣ್ಣ ಎಡಗೈ ಚಾಚಿ ಕಡ್ಡಿ ತಗೊಂಡ. ಮೂತಿ ಎದುರು ಕೈ ತರಬಾರದು ಅನ್ನೋದು ಮೊದಲ ನಿಯಮ. ತಂದ. ಬೇರೆ ದಾರಿ ಇರಲಿಲ್ಲ. ಕಡ್ಡಿ ಒಳಗೆ ಬಿಟ್ಟ. ಯಾವಾಗಲೂ ಸರ್ರನೆ ಹೋಗಿ ಹಿಂದೆ ತಲೆ ಹಾಕಬೇಕು. ಅರ್ಧಕ್ಕೇ ನಿಂತಿತು. ಸದ್ದಿಲ್ಲ. ಹತ್ತಿಗೆ ಚುಚ್ಚಿದ ಹಾಗೆ... ಪುಸ್.

ತಳ್ಳಿದ. ಬರಲಿಲ್ಲ. ಇನ್ನೊಂದು ಸಲ, ಹಲ್ಲು ಕಚ್ಚಿ. ಒಂದು ಕೂದಲೆಳೆ ಸರೀತು. ಮತ್ತೆ ತಳ್ಳಿದ...

"ಬಂತು," ಅಂದ್ರು ಅತ್ತಿಗೆ.

ಅವರ ಬೆರಳು ಆಚೆ ಬಂತು. ಅದರ ಹಿಂದೇನೇ ಕಪ್ಪಗೆ, ಎಣ್ಣೆಯಾಗಿ, ಗಟ್ಟಿಯಾಗಿ ಸುತ್ತಿಕೊಂಡಿದ್ದ ಒಂದು ಬಟ್ಟೆ ಉಂಡೆ. ಪೇಪರಿನ ಮೇಲೆ ಬಿತ್ತು. ತಪ್.

ಅಣ್ಣ ಕಡ್ಡಿ ತೆಗೆದಿಟ್ಟ, ಸ್ಲೈಡು ಅವರ ಕೈಯಿಂದ ತಗೊಂಡ. ಅತ್ತಿಗೆ ಹಿಂದೆ ಹಿಂದೆ ಹೋಗಿ ಪರದೆ ಹತ್ತಿರ ನಿಂತ್ಕೊಂಡು, ಎರಡೂ ಕೈ ಸೆರಗಲ್ಲಿ ಸುತ್ತಿಕೊಂಡರು.

ಅಣ್ಣ ಕೇಳಿದ. ಕೇಳಲೇಬೇಕಿತ್ತು.

"ಖಾಲೀನಾ?"

ಕಿಟಕಿಯಾಚೆ ಎಲ್ಲೋ ನಾಯಿ ಕಿವಿ ಕೊಡವಿದ ಸದ್ದು... ಪಟಪಟ... ಆಮೇಲೆ ಅದೂ ಇಲ್ಲ.

"ಖಾಲೀ..."

ಕೊಂಡಿ ಒತ್ತಿದ. ಖಟಕ್. ಬೆಣ್ಣೆ ಹಾಗೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ, ದೂರದಲ್ಲಿ, ಬೀದಿ ತಿರುವಲ್ಲಿ... ಠಣ್. ಒಂದೇ ಸಲ.

ಆಮೇಲೆ ಅಣ್ಣ ಮೊದಲು ಬಚ್ಚಲಿಗೆ ಹೋದ. ದೆವ್ವದ ಕತೇಲಿ ಈ ಭಾಗ ಯಾರೂ ಹೇಳಲ್ಲ, ಆದ್ರೆ ನಡೆದಿದ್ದು ಹಾಗೇ.

ಬೆಳಿಗ್ಗೆ ಪರೀಕ್ಷೆಗೆ ಹೋದ. ಹೊಡೆದ. ಪಾಸಾದ, ಪ್ರತಿ ವರ್ಷದ ಹಾಗೆ ಕೊನೆಯವನಾಗಿ. ಆ ಬಟ್ಟೆ ಉಂಡೆ ಜೇಬಲ್ಲಿತ್ತು. ಆಯುಧ ರಿಪೇರಿ ಮಾಡೋನಿಗೆ ತೋರಿಸಿದ. ಅವನು ಅದನ್ನ ನೋಡಿ, ಅಣ್ಣನ ಬಲಗೈ ನೋಡಿ, "ಇದು ಒಳಗಿದ್ದಾಗ ಹೊಡೆದಿದ್ರೆ ನಳಿಗೆ ಸಿಡಿದು ಹೋಗೋದು ಮಾರಾಯ. ಇವತ್ತಿಂದ ಎಡಗೈಲಿ ಉಣ್ಣೋದು ಕಲೀಬೇಕಿತ್ತು," ಅಂದ. ಯಾರು ಕಂಡುಹಿಡಿದಿದ್ದು ಅಂತ ಕೇಳಿದ. "ಮನೆಯೋರು," ಅಂದ ಅಣ್ಣ. ಅರ್ಧ ನಿಜ.

ಈಗ ಅಣಕಿಸಲ್ಲ. ಒರೆಸೋ ದಿನ ಅತ್ತಿಗೇನ ಕರೀತಾನೆ. ಅವರು ಬಂದು ಬೆರಳು ಇಟ್ಟು, ತಡವಿ, ಅವರದೇ ದನೀಲಿ "ಖಾಲಿ, ಬೇಗ ಮುಗಿಸಿ" ಅಂತಾರೆ.

ಏನು, ನಂಬಿಕೆ ಬರ್ತಿಲ್ವಾ? ನಂಬಬೇಡಿ. ನಾಳೆ ಅವರ ಮನೆಗೆ ಹೋಗಿ ಬನ್ನಿ, ನಾನು ಕಳಿಸಿದೆ ಅನ್ನಿ. ಅತ್ತಿಗೆ ಟೀ ಕೊಡ್ತಾರೆ. ಲೋಟ ತಗೊಳ್ಳೋವಾಗ ಅವರ ಬಲಗೈ ಕಿರುಬೆರಳು ನೋಡಿ. ಉಗುರಿಲ್ಲ. ಆ ರಾತ್ರಿ ಕಳೆದ ಮೇಲೆ ಕಪ್ಪಾಯ್ತು, ಬಿತ್ತು, ಮತ್ತೆ ಬರಲಿಲ್ಲ. ಸ್ಲೈಡು ಮುಚ್ಚಿದಾಗ ಅವರು ಪರದೆ ಹತ್ತಿರ ಇದ್ರು, ಕೈ ಸೆರಗಿನೊಳಗಿತ್ತು. ನೀವು ಕೇಳಿದ್ರೆ, ಅಡುಗೆಮನೆ ಬಾಗಿಲಿಗೆ ಸಿಕ್ಕಿಕೊಂಡಿತ್ತು ಅಂತ ಹೇಳ್ತಾರೆ.

ಅಡುಗೆಮನೆಗೆ ಬಾಗಿಲಿಲ್ಲ ಅಂತ ನಾನು ಆಗಲೇ ಹೇಳಿದೆನಲ್ಲ.