ಹುಲಿಗೆ ಹೆದರದ ನಾಯಿ

ಪರ್ಕಳದ ಬಸ್‌ ಸ್ಟಾಪಿನಲ್ಲಿ ಶ್ಲೋಕ ಗುನುಗುತ್ತಿದ್ದ ನನ್ನ ಪಕ್ಕ ಇಬ್ಬರು ಕುಳಿತಿದ್ದರು. ಹಿರಿಯವನ ಕಿವಿಯ ಹಿಂದೆ ಹುಲಿವೇಷದ ಹಳದಿ ಬಣ್ಣ ಇನ್ನೂ ಉಳಿದಿತ್ತು.

"ಭೋಜಣ್ಣ, ನಿನ್ನೆ ಬಜಗೋಳಿಯಲ್ಲಿ ನಿಮ್ಮ ಕುಣಿತಕ್ಕೆ ದೇಣಿಗೆ ಡಬ್ಬಿ ತುಂಬಿತು ಮಾರಾಯ್ರೆ! ಬೀದಿನಾಯಿಗಳ ಆಶ್ರಯಕ್ಕೆ ಗೋಡೆಯಾದರೂ ಏಳುತ್ತದೆ."

"ಹ್ಞೂಂ, ಉಜ್ವಲ್."

"ಉಳಿದ ನಾಯಿಗಳೆಲ್ಲ ಹುಲಿಯನ್ನು ಕಂಡು ಓಡಿದವು. ಆ ಕುಂಟು ನಾಯಿ ಮಾತ್ರ ನಿಮ್ಮ ಕಾಲು ನೆಕ್ಕಿತು. ಜನ ಮರುಳಾದದ್ದೇ ಅದಕ್ಕೆ."

"ಅದು ನಮ್ಮ ಬೊಗ್ಗು."

"ಎಂತ? ಬೊಗ್ಗು ಸತ್ತಿತು ಅಂದಿದ್ದಿರಿ, ಅಲ್ವಾ?"

"ಕಾಲು ಮುರಿದ ಮೇಲೆ ನಾನೇ ಅಲ್ಲಿ ಬಿಟ್ಟು ಬಂದದ್ದು."

ನನ್ನ ಬಾಯಲ್ಲಿದ್ದ ಶ್ಲೋಕ ಅರ್ಧಕ್ಕೇ ನಿಂತಿತು.

"ಮತ್ತೆ ನಿನ್ನೆ ಅದು ಕಾಲು ನೆಕ್ಕಿದಾಗ ಯಾಕೆ ಓಡಿಸಿದಿರಿ?" ಉಜ್ವಲ್ ಕೇಳಿದ.

"ಎಲ್ಲರೂ ನೋಡುತ್ತಿದ್ದರು. 'ಯಾರ ನಾಯಿ ಇದು?' ಅಂತ ಜೋರಾಗಿ ಕೇಳಿದೆ. ನನ್ನ ಸ್ವರ ಕೇಳಿ ಇನ್ನೂ ಬಾಲ ಆಡಿಸಿತು."

ಉಜ್ವಲ್ ಎದ್ದ.

"ಉಡುಪಿ ಬಸ್‌ ಬಂತು, ಬನ್ನಿ."

"ನೀನು ಹೋಗು. ನಾನು ಬಜಗೋಳಿಗೆ ಹೋಗಿ ಅದನ್ನು ಕರೆದುಕೊಂಡು ಬರುತ್ತೇನೆ."

"ಕಿವಿಯ ಹಿಂದೆ ಬಣ್ಣ ಉಂಟು. ಮುಖ ತೊಳೆದು ಹೋಗಿ."

"ಇರಲಿ. ಬಿಟ್ಟು ಬಂದವನು ತೊಳೆದ ಮುಖ ಅದಕ್ಕೆ ಹೇಗೆ ತೋರಿಸಲಿ?"

ರಸ್ತೆ ದಾಟಿ ಬಜಗೋಳಿ ದಿಕ್ಕಿನ ಕಾರ್ಕಳದ ಬಸ್‌ ಹತ್ತುವವರೆಗೂ ಭೋಜಣ್ಣ ತಲೆ ಎತ್ತಲಿಲ್ಲ.