ಗವರ್ನರ್ ಒಬ್ಬರದೇ ಕೆಂಪು

…ನನ್ನನ್ನ ಜೈಲಿಗೆ ಹಾಕ್ತಾರೆ ಅಂತಲ್ಲ ಕಣೇ ಪುಟ್ಟಿ ನಂಗೆ ಹೆದರಿಕೆ ಆಗಿದ್ದು, ಆ ಲೂಯಿ ಹಡಗು ಹತ್ತಿಬಿಡ್ತಾನಲ್ಲ ಅಂತ. ನಿಮ್ಮ ತಾತಂಗೆ ಆಗ ಸಮುದ್ರದಾಚೆ ಒಂದು ದ್ವೀಪದ ಸ್ಕೂಲಲ್ಲಿ ಮೇಷ್ಟ್ರ ಕೆಲಸ, ನಂಗೆ ಸೆಕ್ರೆಟೇರಿಯಟ್‌ನಲ್ಲಿ ಟೈಪಿಂಗು. ಇಲ್ಲಿ ನಮಗೆ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆಗಿತ್ತು, ಅಲ್ಲಿ ಇನ್ನೂ ಬ್ರಿಟಿಷರದೇ ಸರ್ಕಾರ. ಕೌನ್ಸಿಲ್ಲು, ಎಲೆಕ್ಷನ್ನು ಎಲ್ಲ ಇತ್ತಪ್ಪ ಹೆಸರಿಗೆ, ಕೊನೇ ಮಾತು ಗವರ್ನರ್‌ದು. ಆ ಆಫೀಸಲ್ಲಿ ಕೆಂಪು ಇಂಕು ಅಂದ್ರೆ ಗವರ್ನರ್ ಒಬ್ಬರಿಗೇ. ಬೇರೆಯವರ ಮೇಜಿನ ಮೇಲೆ ಕೆಂಪು ಪೆನ್ಸಿಲ್ ಕೂಡ ಇರೋ ಹಾಗಿಲ್ಲ. ಅಂಚಲ್ಲಿ ಅವರು ಒಂದು ಕೆಂಪು ಗೀಟು ಎಳೆದ್ರೆ ಮುಗೀತು, ಅದೇ ಆರ್ಡರು.

ಅವತ್ತು ಆಯುಧಪೂಜೆ. ಇಲ್ಲಿ ಬಾಪೂಜಿ ನಗರದ ಮನೇಲಿ ನಮ್ಮಪ್ಪ ಹೊಲಿಗೆ ಮಷೀನಿಗೆ ಪೂಜೆ ಮಾಡ್ತಿದ್ರಲ್ಲ, ಹಾಗೇ ನಾನೂ ಕುಂಕುಮ ಕಲಸಿ ಟೈಪ್‌ರೈಟರಿಗೆ ಹಚ್ಚಿದೆ, ಒಂದು ಹೂವೂ ಇಟ್ಟೆ. ಗವರ್ನರ್ ಬೆಳಿಗ್ಗೆನೇ ಟೂರಿಗೆ ಹೊರಟಿದ್ರು. ಅವರ ಬಂಗಲೆಯಿಂದ ವಾಪಸ್ ಬಂದ ಫೈಲು ಜೋಡಿಸಿ ಹೆಡ್ ಕ್ಲರ್ಕ್ ಪಿಂಟೋಗೆ ಕೊಟ್ಟೆ, ಮಂಗಳೂರಿನೋರು ಅವರು. ಮಧ್ಯಾಹ್ನ ಕಿಟಕೀಲಿ ನೋಡ್ತೀನಿ, ನಮ್ಮ ಪಕ್ಕದ ಮನೆ ಲೂಯಿನ ಪೊಲೀಸರು ಬಂದರಿಗೆ ಕರ್ಕೊಂಡು ಹೋಗ್ತಾ ಇದಾರೆ, ಹಿಂದೆ ತುಂಬು ಬಸುರಿ ಹೆಂಡ್ತಿ. ಬಂದರಲ್ಲಿ ಮೂಟೆ ಹೊರೋನು ಅವನು, ಕೂಲಿ ಜಾಸ್ತಿ ಮಾಡಿ ಅಂತ ಮುಷ್ಕರ ಮಾಡಿಸಿದ್ದ. ಅದಕ್ಕೆ ದೂರದ ಇನ್ನೊಂದು ದ್ವೀಪಕ್ಕೆ ಅಟ್ಟಿಬಿಡೋಣವಾ ಅಂತ ಪೊಲೀಸಿನೋರು ಗವರ್ನರ್‌ನ ಕೇಳಿದ್ರು. ಏನ್ ಸಾರ್ ಇದು ಅಂತ ಕೇಳಿದ್ದಕ್ಕೆ ಪಿಂಟೋ ಆ ಕಾಗದ ತೋರಿಸಿದ್ರು, ಸಾಹೇಬರು ಒಪ್ಪಿದಾರಲ್ಲ ಅಂತ. ನಾನು ಜೋಡಿಸುವಾಗ ಖಾಲಿ ಇದ್ದ ಅಂಚಲ್ಲಿ ಈಗ ಕೆಂಪು ಗೀಟು. ನನ್ನ ಹೆಬ್ಬೆರಳು ನೋಡ್ಕೊಂಡೆ. ಬೆಳಿಗ್ಗೆ ಕಲಸಿದ ಕುಂಕುಮ ಇನ್ನೂ ಅಂಟಿತ್ತು.

“ಸಾರ್, ಅದು ಗವರ್ನರ್ ಹಾಕಿದ್ದಲ್ಲ. ನನ್ನ ಕುಂಕುಮ.”

“ಎಂಥದ್ದು ಮಾರಾಯ್ತಿ ಇದು? ಹೊರಗೆ ಗೊತ್ತಾದ್ರೆ ನನ್ನ ಪೆನ್ಷನ್ನೂ ಹೋಗ್ತದೆ, ನಿಮ್ಮ ಯಜಮಾನರ ಕೆಲಸವೂ ಹೋಗ್ತದೆ. ಸುಮ್ನೆ ಹೋಗಿ ಕೂತ್ಕೊಳ್ಳಿ.”

ಕೂತ್ಕೊಂಡೆ ಕಣೇ. ಸುಳ್ಳು ಯಾಕೆ ಹೇಳ್ಲಿ, ಹೋಗಿ ಕೂತ್ಕೊಂಡು ಒಂದು ಸಾಲು, ಅಲ್ಲ, ಎರಡು ಸಾಲು ಟೈಪೂ ಮಾಡಿದೆ. ಅಷ್ಟರಲ್ಲಿ ಹಡಗಿನ ಮೊದಲನೇ ಹಾರ್ನ್ ಆಯ್ತು ನೋಡು. ಎದ್ದು ಹೋಗಿ, ಅವರ ಲೋಟದ ನೀರಿಗೇ ಬೆರಳು ಅದ್ದಿ, ಅವರ ಮುಂದೇನೇ ಆ ಗೀಟು ಉಜ್ಜಿದೆ. ಕಾಗದವೆಲ್ಲ ಕುಂಕುಮ ಹರಡ್ತು, ಇನ್ನು ಅದನ್ನ ಆರ್ಡರು ಅಂತ ಯಾರಿಗೂ ತೋರಿಸೋ ಹಾಗಿಲ್ಲ. ಪಿಂಟೋ ಕೊಡೆ ಕೂಡ ಬಿಟ್ಟು ಬಂದರಿಗೆ ಓಡಿದ್ರು. ಲೂಯಿ ಆಗ್ಲೇ ಹಡಗಿನ ಮೆಟ್ಟಿಲ ಮೇಲಿದ್ನಂತೆ, ಅಲ್ಲಿಂದ್ಲೇ ಇಳಿಸ್ಕೊಂಡು ಬಂದ್ರು.

ಗವರ್ನರ್ ವಾಪಸ್ ಬಂದು ನಿಜವಾದ ಕೆಂಪು ಇಂಕಲ್ಲೇ ಬರೆದ್ರು, ಹೆರಿಗೆ ಆಗೋವರೆಗೂ ಇರಲಿ, ಆಮೇಲೆ ಕಳಿಸಿ ಅಂತ. ಕಳಿಸಿದ್ರು ಕೂಡ. ಆದ್ರೆ ಮಗಳ ಮುಖ ನೋಡ್ಕೊಂಡು ಹೋದ ಅವನು. ನಿಮ್ಮ ತಾತನ ಕೆಲಸ ಉಳೀತು. ನನ್ನ ಕೆಲಸ ಹೋಯ್ತು, ಹೋಗ್ಲಿ ಬಿಡು. ನಿಂಗೆ ಹೇಳೋದಿಷ್ಟೇ, ತಪ್ಪಾದ್ರೆ ಧೈರ್ಯ ಬರ್ಲಿ ಅಂತ ಕಾಯ್ಬೇಡ, ನಡುಗ್ತಾನೇ ಹೋಗಿ ಹೇಳ್ಬಿಡು. ನಂಗಂತೂ ಆ ಧೈರ್ಯ ಇವತ್ತಿಗೂ ಬಂದಿಲ್ಲ.