ಹೆಸರು ಕೂಗುವ ಡಬ್ಬಿ

ಪೆರು ದೇಶದ ಕುಸ್ಕೋ ನಗರದಲ್ಲಿ ಅವತ್ತಿನ ಸಂತೆ ಮುಗಿದಿತ್ತು. ಬಸ್ಸಿನ ಸಾಲಿನಲ್ಲಿ ನಿವೃತ್ತ ಟೀಚರ್ ನೆಲಿದಾಳ ಮುಂದೆ ಆಲೂಗಡ್ಡೆ ಮಾರುವ ಪ್ಲಾಸಿದಾ, ಜೋಳ ಮಾರುವ ತೊಮಾಸಾ ನಿಂತಿದ್ದರು.

"ತಿಂಗಳ ಕೊನೆಗೆ ಅಂಗಡಿ ಬಿಟ್ಬಿಡ್ತೀನಿ ಅಕ್ಕಾ," ಎಂದಳು ತೊಮಾಸಾ. "ಎಲ್ರೂ ಫೋನಲ್ಲಿ ಹಾಕ್ಲಾ ಅಂತಾರೆ. ಬೇಡ ಅಂದ್ರೆ ನಿನ್ನ ಹತ್ರ ಬರ್ತಾರೆ."

"ನೀನೂ ಫೋನಲ್ಲೇ ತಗೊಳ್ಳೇ."

"ನಂಗೆ ಓದೋಕೆ ಬರುತ್ತಾ?"

"ನಂಗೆ ಬರುತ್ತಾ?"

ತೊಮಾಸಾ ಕಣ್ಣರಳಿಸಿದಳು. "ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಕೂತಿದೀನಿ, ಒಂದಿನಾನೂ ಹೇಳ್ಲಿಲ್ವಲ್ಲಕ್ಕಾ!"

"ನೀನು ಕೇಳಿದ್ಯಾ? ದುಡ್ಡು ಬಂದ್ರೆ ಅಂಗಡೀಲಿರೋ ಡಬ್ಬಿ ಕಳಿಸಿದೋರ ಹೆಸರು ಸಮೇತ ಕೂಗುತ್ತೆ. ಮೊನ್ನೆ ಒಬ್ಬ, ಹಾಕಿದೀನಿ ನೋಡು ಅಂತ ಫೋನ್ ಹಿಡಿದ. ಡಬ್ಬಿ ಕೂಗೋವರೆಗೂ ಚೀಲ ಬಿಡಲ್ಲ ಅಂದೆ. ತೆಪ್ಪಗೆ ನೋಟು ಬಿಚ್ಚಿದ."

"ಭಲೇ! ಫೋನಲ್ಲಿ ಕೊಟ್ಟೋರಿಗೂ ಕೊಸರು ಹಾಕ್ತೀಯಾ?"

"ಬಿಡ್ತೀನಾ? ಇಪ್ಪತ್ತು ವರ್ಷದ ಗಿರಾಕಿ ಒಬ್ಳು. ಅವಳು ನನ್ನ ಕಸೇರಾ ಅಂತಾಳೆ, ನಾನೂ ಅವಳ್ನ ಕಸೇರಾ ಅಂತೀನಿ, ಕೊಳ್ಳೋಳೂ ವಾಡಿಕೆಯೋಳೇ, ಮಾರೋಳೂ ವಾಡಿಕೆಯೋಳೇ. ಅವಳ ಹೆಸರು ಲಿಬೋರಿಯಾ ಅಂತ ಡಬ್ಬಿ ಕೂಗಿದ ಮೇಲೇ ಗೊತ್ತಾಗಿದ್ದು. ಹೆಸರು ಹಿಡಿದು ಕರೆದೆ, ಮುಖ ಅರಳಿಹೋಯ್ತು. ಎರಡು ಗಡ್ಡೆ ಜಾಸ್ತೀನೇ ಹಾಕ್ದೆ."

ನಲವತ್ತು ವರ್ಷ ಅಕ್ಷರ ಕಲಿಸಿದ್ದ ನೆಲಿದಾ ಪ್ಲಾಸಿದಾಳ ಜಾಣತನಕ್ಕೆ ಮನಸ್ಸಿನಲ್ಲೇ ಕೈಮುಗಿದಳು.

ಬಸ್ಸು ಬಂತು.

"ನಾಳೆ ಬೆಳಿಗ್ಗೇನೆ ನಿಂಗೂ ಡಬ್ಬಿ ಹಾಕಿಸ್ಕೊಡ್ತೀನಿ. ಬೋಣಿ ನಂದೇ, ಫೋನಲ್ಲೇ ಹಾಕ್ತೀನಿ," ಎಂದಳು ಪ್ಲಾಸಿದಾ.

"ಅಲ್ಲಕ್ಕಾ, ನಿನ್ನ ಪೂರ್ತಿ ಹೆಸರು ನಂಗೂ ಗೊತ್ತಿಲ್ವಲ್ಲ!"

"ನಾಳೆ ಕೇಳಿಸ್ಕೋ," ಎನ್ನುತ್ತ ಪ್ಲಾಸಿದಾ ಮೂಟೆ ಹೊತ್ತು ಬಸ್ಸು ಹತ್ತಿದಳು.